ಹೆಣಿಗೆಗೂ ಎಣಿಕೆ ಬೇಕು

ಮಾನ್ಯ ಸಂಪಾದಕರೇ,

ಚುನಾವಣೆಯ ಈ ಶರದೃತುವಿನುದ್ದಕ್ಕೂ ನಿಮ್ಮ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವರಲ್ಲಿ ನಾನೂ ಒಬ್ಬಳು. ಅಭ್ಯರ್ಥಿಗಳ ಪಟ್ಟಿ, ಹಿಂದಿನ ಸಲದ ಮತಪ್ರಮಾಣ, ಗೆಲುವಿನ ಅಂತರ, ಎಣಿಕೆಯ ಒಂದೊಂದು ಸುತ್ತಿನ ಮುನ್ನಡೆ, ಹಿನ್ನಡೆ, ಎಲ್ಲವನ್ನೂ ಅಂಕಿಯೊಂದನ್ನೂ ಬಿಡದೆ ಕೊಟ್ಟಿರಿ, ಅದಕ್ಕಾಗಿ ಕೃತಜ್ಞಳಾಗಿದ್ದೇನೆ. ಆದರೆ ಅದೇ ದಿನಗಳಲ್ಲಿ ವಾರದ ಪುರವಣಿಯಲ್ಲಿ ಬಂದ ಸ್ವೆಟರಿನ ವಿವರಣೆಯಲ್ಲಿ ಇದ್ದದ್ದು ಒಂದು ಸುಂದರವಾದ ಚಿತ್ರ ಮತ್ತು ‘8ನೇ ನಂಬರಿನ ಕಡ್ಡಿ, 220 ಕುಣಿಕೆ, ಸಾಕಷ್ಟು ಉಣ್ಣೆ’ ಎಂಬ ಒಂದು ಸಾಲಿನಿಂದ ಶುರುವಾಗುವ ನಾಲ್ಕು ವಾಕ್ಯಗಳು ಮಾತ್ರ. ಮತ ಎಣಿಕೆಗೆ ಸಲ್ಲುವ ಎಚ್ಚರ ಹೆಣಿಗೆಗೂ ಸಲ್ಲಬೇಕೆಂದು ಕೇಳಿಕೊಳ್ಳಲು ಈ ಪತ್ರವನ್ನು ಬರೆಯುತ್ತಿದ್ದೇನೆ.

ಆ ಸ್ವೆಟರನ್ನು ನಾನು ಆರಿಸಿಕೊಂಡದ್ದು ನನ್ನ ಮಗಳಿಗಾಗಿ. ಅವಳಿಗೆ ಇದು ಮೊದಲ ಮತದಾನ. ಹೊಸ ಸ್ವೆಟರ್ ತೊಟ್ಟು ಮತಗಟ್ಟೆಗೆ ಹೋಗಬೇಕೆಂಬ ಆಸೆಯನ್ನು ಅವಳು ಚುನಾವಣೆ ಘೋಷಣೆಯಾದ ದಿನವೇ ಹೇಳಿದ್ದಳು. ಚಿತ್ರವನ್ನು ತೋರಿಸಿದೆ, ಒಪ್ಪಿದಳು, ಬಣ್ಣವನ್ನು ಅವಳೇ ಆರಿಸಿದಳು. 8 ಎಂದು ಅಚ್ಚಾಗಿದ್ದ ದುಂಡು ಕಡ್ಡಿಯನ್ನು (ಎರಡು ಕಡ್ಡಿಗಳನ್ನು ಬಾಗುವ ತಂತಿಯಿಂದ ಜೋಡಿಸಿದ, ಸುತ್ತು ಸುತ್ತಾಗಿ ಹೆಣೆಯುವ ಕಡ್ಡಿ) ತಂದು ಅಂದು ಸಂಜೆಯೇ ಕುಣಿಕೆ ಹಾಕಿದೆ.

ಮುಂದಿನ ವಾರಗಳಲ್ಲಿ ಹೆಣಿಗೆಯ ಚೀಲ ನಮ್ಮ ಮನೆಯವರ ಜೊತೆಗೇ ತಿರುಗಿತು. ಬಿಸಿಲು ಹದವಾಗಿದ್ದ ಭಾನುವಾರಗಳಲ್ಲಿ ನಾವೆಲ್ಲರೂ ಹೊರಗೆ ಹೋದೆವು. ಒಮ್ಮೆ ಬೆಟ್ಟ ಹತ್ತಿದೆವು, ಒಮ್ಮೆ ನೀರಿನ ದಂಡೆಯಲ್ಲಿ ಇಡೀ ಮಧ್ಯಾಹ್ನ ಕುಳಿತೆವು. ಕಾರಿನ ಹಿಂದಿನ ಸೀಟಿನಲ್ಲಿ ತಂದೆ ಮಗಳು ಯಾರಿಗೆ ಮತ ಹಾಕಬೇಕೆಂದು ವಾದಿಸುತ್ತಿದ್ದರೆ ನಾನು ಮುಂದೆ ಕುಳಿತು ಸುತ್ತಿನ ಮೇಲೆ ಸುತ್ತು ಸೀದಾ ಹೆಣೆಯುತ್ತಿದ್ದೆ. ದುಂಡಾಗಿ ಹೆಣೆಯುವ ಸೀದಾ ಹೆಣಿಗೆಗೆ ಕಣ್ಣು ಬೇಕಾಗುವುದಿಲ್ಲ, ಬೆರಳೇ ನೋಡಿಕೊಳ್ಳುತ್ತದೆ. ಆದ್ದರಿಂದ ಇಬ್ಬರ ಮಾತನ್ನೂ ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿದೆ. ಹೆಣೆಯುವಾಗ ಕೇಳಿಸಿಕೊಳ್ಳುವಷ್ಟು ತಾಳ್ಮೆ ನನಗೆ ಬೇರೆ ಹೊತ್ತಿನಲ್ಲಿ ಇರುವುದಿಲ್ಲ. ಟಿವಿಯ ಚರ್ಚೆಗಳನ್ನೂ ಹಾಗೆಯೇ ಕೇಳಿದೆ.

ದುಂಡು ಕಡ್ಡಿಯಲ್ಲಿ ಒಂದು ತೊಡಕಿದೆ. ಹೆಣಿಗೆಯ ಸುತ್ತಳತೆ ಕಡ್ಡಿಗಿಂತ ಉದ್ದವಾದಾಗ ಬಟ್ಟೆ ನೆರಿಗೆಗಟ್ಟಿ ಕೂರುತ್ತದೆ, ನಿಜವಾದ ಅಗಲ ಕಾಣುವುದಿಲ್ಲ. 35 ಸೆಂಟಿಮೀಟರ್ ಎತ್ತರ ಬೆಳೆದ ಮೇಲೆ ಕುಣಿಕೆಗಳನ್ನು ಉದ್ದನೆಯ ದಾರಕ್ಕೆ ದಾಟಿಸಿ, ನೆಲದ ಮೇಲೆ ಹರಡಿ ಅಳೆದೆ. 100 ಸೆಂಟಿಮೀಟರ್ ಇರಬೇಕಾಗಿದ್ದ ಎದೆಸುತ್ತು 122 ಇತ್ತು. ಮತದಾನಕ್ಕೆ ಇನ್ನು ಕೆಲವೇ ದಿನಗಳು ಉಳಿದಿದ್ದಾಗ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಕುಣಿಕೆಗಳನ್ನು ಬಿಚ್ಚಿ, ಉಣ್ಣೆಯನ್ನು ಮತ್ತೆ ಉಂಡೆ ಸುತ್ತಿದೆ.

ತಪ್ಪು ಎಲ್ಲಿತ್ತೆಂದು ಹುಡುಕಿದಾಗ ಅದು ‘8’ ಎಂಬ ಒಂದೇ ಅಂಕಿಯಲ್ಲಿ ಸಿಕ್ಕಿತು. ಬ್ರಿಟನ್ನಿನ ಹಳೆಯ ಪದ್ಧತಿಯಲ್ಲಿ 8ನೇ ನಂಬರಿನ ಕಡ್ಡಿಯ ದಪ್ಪ 4 ಮಿಲಿಮೀಟರ್. ಅಮೆರಿಕದ ಪದ್ಧತಿಯಲ್ಲಿ ಅದೇ 8 ಎಂದರೆ 5 ಮಿಲಿಮೀಟರ್. ಮೊದಲನೆಯದರಲ್ಲಿ ನಂಬರ್ ಏರಿದಂತೆ ಕಡ್ಡಿ ಸಣ್ಣದಾಗುತ್ತದೆ, ಎರಡನೆಯದರಲ್ಲಿ ದಪ್ಪವಾಗುತ್ತದೆ. ಅದೇ ನೂಲಿನಲ್ಲಿ 4 ಮಿಲಿಮೀಟರಿನ ಕಡ್ಡಿಗೆ 10 ಸೆಂಟಿಮೀಟರಿಗೆ 22 ಕುಣಿಕೆ ಬಂದರೆ, ನನ್ನ 5 ಮಿಲಿಮೀಟರಿನ ಕಡ್ಡಿಗೆ 18 ಮಾತ್ರ ಬಂದಿತ್ತು. ಮಿಲಿಮೀಟರಿನಲ್ಲಿ ಒಂದು ಅಂಕಿ, ‘10 ಸೆಂಟಿಮೀಟರಿಗೆ 22 ಕುಣಿಕೆ’ ಎಂಬ ಒಂದು ಸಾಲು ಅಚ್ಚಾಗಿದ್ದರೆ ಇಷ್ಟು ಕೆಲಸ ಹಾಳಾಗುತ್ತಿರಲಿಲ್ಲ.

ಮೊದಲೇ ಒಂದು ಮಾದರಿ ತುಂಡು ಹೆಣೆದು ನೋಡಬೇಕಾಗಿತ್ತಲ್ಲವೇ ಎಂದು ಬಲ್ಲವರು ಕೇಳಬಹುದು. ಹೆಣೆಯಬಹುದಾಗಿತ್ತು, ಆದರೆ ಅದನ್ನು ಹೋಲಿಸಿ ನೋಡಲು ವಿವರಣೆಯಲ್ಲಿ ಅಳತೆಯೇ ಇರಲಿಲ್ಲ. ಮಾದರಿ ತುಂಡಿನ ವಿಷಯ ಚುನಾವಣಾ ಸಮೀಕ್ಷೆಯಂತೆಯೇ ಇದೆ ಎಂದು ನನಗೆ ಈ ಸಲ ಮನವರಿಕೆಯಾಯಿತು. ತೀರಾ ಸಣ್ಣ ತುಂಡನ್ನು ಅಳೆದರೆ, ಅಥವಾ ಬಿಗಿ ಸಮನಾಗಿರದ ಅಂಚಿನಲ್ಲಿ ಅಳೆದರೆ, ಸಿಗುವ ಲೆಕ್ಕ ಇಡೀ ಬಟ್ಟೆಗೆ ಒಪ್ಪುವುದಿಲ್ಲ. 15 ಸೆಂಟಿಮೀಟರ್ ಚೌಕವನ್ನಾದರೂ ಹೆಣೆದು, ತೊಳೆದು, ಒಣಗಿಸಿ, ನಡುವಿನ 10 ಸೆಂಟಿಮೀಟರನ್ನು ಎಣಿಸಬೇಕು. ಸಮೀಕ್ಷೆಯ ಜೊತೆಗೆ ಎಷ್ಟು ಜನರನ್ನು ಮಾತನಾಡಿಸಿದ್ದೆಂದು ನೀವು ತಪ್ಪದೆ ಹಾಕುತ್ತೀರಿ. ಅದೇ ಪ್ರಾಮಾಣಿಕತೆಯನ್ನು ನಾನು ಪುರವಣಿಯಲ್ಲಿಯೂ ಬಯಸುತ್ತೇನೆ.

ಇದು ಹೊಸ ಬೇಡಿಕೆಯೇನೂ ಅಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ರೆಡ್ ಕ್ರಾಸ್ ಸೈನಿಕರಿಗಾಗಿ ಕಾಲುಚೀಲ, ಸ್ವೆಟರುಗಳನ್ನು ಹೆಣೆದುಕೊಡುವಂತೆ ಜನರನ್ನು ಕೋರಿದಾಗ ಅಳತೆಗಳನ್ನೊಳಗೊಂಡ ವಿವರಣೆಗಳನ್ನು ಅಚ್ಚು ಹಾಕಿಸಿ ಹಂಚಿತ್ತು. ಒಬ್ಬರನ್ನೊಬ್ಬರು ನೋಡದ ಅಷ್ಟು ಕೈಗಳು ಬಳಸಬಹುದಾದ ಉಡುಪುಗಳನ್ನು ತಯಾರಿಸಿದ್ದು ಅಂಥ ಹಾಳೆಗಳನ್ನು ನಂಬಿ. ಹೆಣೆಯುವವರು ರಾಜಕೀಯದ ಪುಟವನ್ನು ಓದುವುದಿಲ್ಲ, ಅವರಿಗೆ ಚಿತ್ರವೊಂದಿದ್ದರೆ ಸಾಕು ಎಂಬ ಎಣಿಕೆ ಎಲ್ಲಿಯಾದರೂ ಇದ್ದರೆ ಅದನ್ನೂ ಬಿಡಬೇಕು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಅವರ ಪತ್ನಿ ಎಲಿನಾರ್ ರೂಸ್ವೆಲ್ಟ್ ಅವರು ಸಭೆಗಳಿಗೂ ಹೆಣಿಗೆಯ ಚೀಲವನ್ನು ಒಯ್ಯುತ್ತಿದ್ದರು.

ಮತದಾನದ ದಿನ ಸ್ವೆಟರಿನ ಮೈ, ಒಂದು ತೋಳು ಮುಗಿದಿದ್ದವು, ಇನ್ನೊಂದು ತೋಳು ಉಳಿದಿತ್ತು. ಮಗಳು ಹಳೆಯ ಸ್ವೆಟರನ್ನೇ ತೊಟ್ಟು ಹೋಗಿ, ಶಾಯಿಯ ಗುರುತಿನ ಬೆರಳನ್ನು ಬಾಗಿಲಿನಿಂದಲೇ ತೋರಿಸುತ್ತ ಬಂದಳು. ಅವಳ ಮುಖದಲ್ಲಿ ಕೊರತೆ ಕಾಣಲಿಲ್ಲ. ನನಗೆ ಮಾತ್ರ ಇಂದಿಗೂ ನೋವಿದೆ. ಎರಡನೆಯ ತೋಳನ್ನು ಎಣಿಕೆಯ ದಿನ ಹೆಣೆದೆ. ಪ್ರತಿ 6ನೇ ಸುತ್ತಿಗೆ 2 ಕುಣಿಕೆಗಳಂತೆ 84ರಿಂದ 48ಕ್ಕೆ ಇಳಿಸಬೇಕು. ಅಲ್ಲಿ ಒಂದು ಸುತ್ತಿನ ಎಣಿಕೆ ಮುಗಿಯುತ್ತಿದ್ದಂತೆ ಇಲ್ಲಿ ಕೆಲವು ಸುತ್ತುಗಳು ಮುಗಿಯುತ್ತಿದ್ದವು. ಅಂತರ ತೀರಾ ಕಡಿಮೆಯಾದ ಹೊತ್ತಿನಲ್ಲಿ ನಾನು ಒಂದು ಸಲ ಇಳಿಸುವುದನ್ನೇ ಮರೆತೆ. ಅದನ್ನು ಬಿಚ್ಚಬೇಡವೆಂದು ಮಗಳು ಕೇಳಿಕೊಂಡಿದ್ದರಿಂದ ಹಾಗೆಯೇ ಬಿಟ್ಟಿದ್ದೇನೆ.

ನನ್ನಂತೆ ಆ ಸ್ವೆಟರನ್ನು ಆರಂಭಿಸಿರುವ ಓದುಗರಿಗಾಗಿ ಸರಿಯಾದ ಲೆಕ್ಕವನ್ನು ಇಲ್ಲಿ ಕೊಡುತ್ತಿದ್ದೇನೆ, ದಯವಿಟ್ಟು ಪ್ರಕಟಿಸಿರಿ: 4 ಮಿಲಿಮೀಟರಿನ ಕಡ್ಡಿ, ತೊಳೆದ ಮೇಲೆ 10 ಸೆಂಟಿಮೀಟರಿಗೆ 22 ಕುಣಿಕೆ, 30 ಸುತ್ತು, 100 ಸೆಂಟಿಮೀಟರ್ ಎದೆಸುತ್ತಿಗೆ 50 ಗ್ರಾಮಿನ 10 ಉಂಡೆ, ಅಂದರೆ ನನಗೆ ತಗುಲಿದಂತೆ ಸುಮಾರು 1,150 ಮೀಟರ್ ನೂಲು. ಎಲ್ಲ ಉಂಡೆಗಳೂ ಒಂದೇ ಸಲ ಬಣ್ಣ ಹಾಕಿದ ತಂಡದವಾಗಿರಬೇಕು, ಇಲ್ಲದಿದ್ದರೆ ತೋಳಿನ ಛಾಯೆ ಬೇರೆಯಾಗಿ ಕಾಣುತ್ತದೆ.

ಬರುವ ವಾರ ಟೋಪಿಯ ವಿವರಣೆಯನ್ನು ಕೊಡುವುದಾಗಿ ತಿಳಿಸಿದ್ದೀರಿ. ನನ್ನ ಬಳಿ ಎರಡು ಉಂಡೆಗಳು ಉಳಿದಿವೆ. ಕಡ್ಡಿಯ ದಪ್ಪವನ್ನೂ 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ ಎಂಬುದನ್ನೂ ಅಚ್ಚು ಹಾಕಿದ್ದರೆ ಪತ್ರಿಕೆ ಕೈಗೆ ಬಂದ ದಿನವೇ ಆರಂಭಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಹಳೆಯ ಚಂದಾದಾರಳು