ಕಾಲೇಜಿನ ಮಾತು ಎಂಟನೇ ಕ್ಲಾಸಿನಲ್ಲೇ ಶುರುವಾಗಲಿ

ಮಾನ್ಯ ಸಂಪಾದಕರೇ,

ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ವಾರದಲ್ಲಿ ಯಾವುದಾದರೂ ಪಿಯು ಕಾಲೇಜಿನ ಆಫೀಸ್ ಮುಂದೆ ನಿಂತು ನೋಡಿ. ಅರ್ಜಿ ತುಂಬುತ್ತಾ ತುಂಬುತ್ತಾ ಕಾಂಬಿನೇಷನ್ ಕಾಲಂ ಬಂದ ತಕ್ಷಣ ಪೆನ್ನು ನಿಲ್ಲುತ್ತದೆ. ಮಗಳು ಅಪ್ಪನ ಮುಖ ನೋಡುತ್ತಾಳೆ, ಅಪ್ಪ ಕೌಂಟರ್‌ನಲ್ಲಿ ಕೂತವರ ಮುಖ ನೋಡುತ್ತಾರೆ. ಅವರು ಕೇಳುವುದು ಒಂದೇ, ಪರ್ಸೆಂಟ್ ಎಷ್ಟು ಅಂತ. ಜಾಸ್ತಿ ಇದ್ದರೆ ಸೈನ್ಸ್, ಇಲ್ಲದಿದ್ದರೆ ಕಾಮರ್ಸ್, ಅದೂ ಆಗದಿದ್ದರೆ ಆರ್ಟ್ಸ್. ಮುಂದಿನ ಐದಾರು ವರ್ಷದ ಓದು ಅಲ್ಲೇ, ನಿಂತ ನಿಲುವಿನಲ್ಲೇ ತೀರ್ಮಾನ ಆಗಿಬಿಡುತ್ತದೆ.

ನಾನು ಹೈಸ್ಕೂಲ್ ಶಿಕ್ಷಕಿ. ಈ ಮಾತು ಎಂಟನೇ ಕ್ಲಾಸಿನಲ್ಲೇ ಶುರುವಾಗಬೇಕು ಅಂತ ಹೇಳುವುದಕ್ಕೇ ಈ ಪತ್ರ. ಎಂಟನೇ ಕ್ಲಾಸಿಗೇ ಐಐಟಿ ಫೌಂಡೇಶನ್ ಕೋಚಿಂಗ್‌ಗೆ ಹಾಕಿ ಅಂತ ನಾನು ಹೇಳುತ್ತಿಲ್ಲ. ಹದಿಮೂರು ವರ್ಷದ ಮಗುವನ್ನು ಸಂಜೆ ಎಂಟರವರೆಗೆ ಕೂರಿಸಿ ಲೆಕ್ಕ ಮಾಡಿಸುವುದು ಯೋಜನೆಯಲ್ಲ, ಹಿಂಸೆ. ಯಾವ ದಾರಿಗೆ ಏನು ಬೇಕು, ಯಾವ ಬಾಗಿಲು ಯಾವಾಗ ಮುಚ್ಚುತ್ತದೆ ಅನ್ನುವುದು ಮೊದಲೇ ಗೊತ್ತಿರಲಿ ಅಂತಷ್ಟೇ.

ಒಂದು ಉದಾಹರಣೆ ಕೊಡುತ್ತೇನೆ. ಹಳ್ಳಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಏಳರವರೆಗೆ ಓದಿದ ಮಗುವನ್ನು ಎಂಟಕ್ಕೆ ಪೇಟೆಯ ಇಂಗ್ಲಿಷ್ ಮೀಡಿಯಂಗೆ ಸೇರಿಸುವುದು ಈಗ ಎಲ್ಲ ಕಡೆ ನಡೆಯುತ್ತಿದೆ. ಸಿಇಟಿ (ಎಂಜಿನಿಯರಿಂಗ್‌ನಂಥ ವೃತ್ತಿಪರ ಕೋರ್ಸ್‌ಗಳ ರಾಜ್ಯ ಪ್ರವೇಶ ಪರೀಕ್ಷೆ) ಸೀಟಿನಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಆದರೆ ಎರಡಕ್ಕೂ ಒಂದನೇ ಕ್ಲಾಸಿನಿಂದ ಹತ್ತರವರೆಗೆ, ಪೂರ್ತಿ ಹತ್ತು ವರ್ಷ ಹಾಗೇ ಓದಿರಬೇಕು. ಏಳು ವರ್ಷ ಓದಿ ಮೂರು ವರ್ಷಕ್ಕೆ ಪುರಸಭೆ ವ್ಯಾಪ್ತಿಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಬಂದರೆ ಎರಡೂ ಹೋದವು. ಸೇರಿಸುವುದು ತಪ್ಪು ಅನ್ನುವುದಿಲ್ಲ, ಅದು ಮನೆಯವರ ನಿರ್ಧಾರ, ಒಳ್ಳೆಯ ಕಾರಣಗಳೂ ಇರುತ್ತವೆ. ಆದರೆ ಏನು ಬಿಟ್ಟುಕೊಡುತ್ತಿದ್ದೇವೆ ಅಂತ ಗೊತ್ತಿದ್ದು ಬಿಡಬೇಕು ಅಲ್ವಾ? ಇದು ಗೊತ್ತಾಗುವುದು ಪಿಯುಸಿ ಮುಗಿಸಿ ಸಿಇಟಿ ಅರ್ಜಿ ಹಾಕುವಾಗ. ಆಗ ಯಾರೂ ಏನೂ ಮಾಡುವ ಹಾಗಿಲ್ಲ.

ಗಣಿತದ ಕಥೆಯೂ ಹೀಗೇ. ಒಂಬತ್ತನೇ ಕ್ಲಾಸಿನಲ್ಲಿ ಗಣಿತ ಅಂದರೆ ಭಯ ಹುಟ್ಟಿಸಿಕೊಂಡ ಮಗು ಪಿಯುಸಿಯಲ್ಲಿ ಅದನ್ನು ಬಿಟ್ಟರೆ ಸಿಇಟಿ ಮೂಲಕ ಎಂಜಿನಿಯರಿಂಗ್ ಸಿಗುವುದಿಲ್ಲ. ಜೀವಶಾಸ್ತ್ರ ಬಿಟ್ಟರೆ ಮೆಡಿಕಲ್ ದಾರಿ ಕಷ್ಟವಾಗುತ್ತದೆ. ಎರಡನ್ನೂ ಇಟ್ಟುಕೊಂಡು ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ತೆಗೆದುಕೊಂಡರೆ ದಾರಿ ತೆರೆದಿರುತ್ತದೆ ನಿಜ, ಆದರೆ ಹೊರೆಯೂ ಜಾಸ್ತಿ. ಹಾಗಾಗಿ ಗಣಿತ ಕಷ್ಟ ಅನ್ನುವ ಮಗುವಿಗೆ ಒಂಬತ್ತರಲ್ಲೇ ಕೂರಿಸಿಕೊಂಡು ಹೇಳಿಕೊಡಬೇಕು, ಹತ್ತರ ಪರೀಕ್ಷೆಗೆ ಎರಡು ತಿಂಗಳು ಇರುವಾಗ ಅಲ್ಲ. ಇದು ನಮ್ಮ ಕೆಲಸ, ಶಿಕ್ಷಕರದು.

ಇನ್ನು ಪಿಯುಸಿ ಸೇರಿದ ಮೇಲೆ ಕಾಲೇಜಿನ ಕ್ಲಾಸು ಬಿಟ್ಟು ಬರೀ ಕೋಚಿಂಗ್ ನಂಬುವವರಿದ್ದಾರೆ. ಎಂಜಿನಿಯರಿಂಗ್ ರ್‍ಯಾಂಕ್‌ಗೆ ಸಿಇಟಿ ಅಂಕ ಅರ್ಧ, ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಇನ್ನರ್ಧ. ಬೋರ್ಡ್ ಪರೀಕ್ಷೆಯನ್ನು ಸುಮ್ನೆ ಪಾಸಾದರೆ ಸಾಕು ಅಂದುಕೊಂಡವರು ಅಲ್ಲೇ ಹಿಂದೆ ಬೀಳುತ್ತಾರೆ. ಮೆಡಿಕಲ್ ಪ್ರವೇಶದ ನೀಟ್ ಪರೀಕ್ಷೆಯ ಲೆಕ್ಕ ಬೇರೆ, ಅಲ್ಲಿ ರ್‍ಯಾಂಕ್ ಬರುವುದು ನೀಟ್‌ನ 720 ಅಂಕದ ಮೇಲೆ ಮಾತ್ರ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ನೀಟ್‌ನಲ್ಲಿ ಕಳೆಯುತ್ತಾರೆ. ಇಂಥ ಸಣ್ಣ ವಿಷಯ ಕೂಡ ಎಷ್ಟೋ ಮನೆಗಳಿಗೆ ತಲುಪಿಲ್ಲ.

ಸೈನ್ಸ್ ಬಿಟ್ಟರೆ ಬದುಕಿಲ್ಲ ಅನ್ನುವ ಮಾತು ಕೇಳಿದರೆ ನನಗೆ ನಿಜವಾಗಿ ನೋವಾಗುತ್ತದೆ. ಆರ್ಟ್ಸ್ ಓದಿದವರೂ ಸಿಎಲ್‌ಎಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಐದು ವರ್ಷದ ಕಾನೂನು ಪದವಿ ಸೇರಬಹುದು. ಎಸ್‌ಎಸ್‌ಎಲ್‌ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿಪ್ಲೊಮಾ ಆದವರಿಗೆ ಇರುವ ಡಿಸಿಇಟಿ ಪರೀಕ್ಷೆ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ಕೈಕೆಲಸದಲ್ಲಿ ಚುರುಕಿರುವ, ಪುಸ್ತಕ ಕಂಡರೆ ಬೇಸರ ಪಡುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ದುಡ್ಡಿನ ವಿಚಾರವನ್ನೂ ಮೊದಲೇ ನೋಡಬೇಕು. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳಿಗೆ ಎನ್‌ಎಂಎಂಎಸ್ ಪರೀಕ್ಷೆ ಇದೆ. ಆದಾಯ ಕಡಿಮೆ ಇರುವ ಮನೆಯ ಮಗು ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಬರುತ್ತದೆ. ಎಂಟನೇ ಕ್ಲಾಸು ದಾಟಿದರೆ ಅವಕಾಶ ಮುಗಿಯಿತು.

ಮತ್ತೆ ಹೆಸರು. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಶಾಲೆಯ ದಾಖಲೆಯಲ್ಲಿ ಮುಂದೆ, ಜಾತಿ ಪ್ರಮಾಣ ಪತ್ರದಲ್ಲಿ ಇನಿಷಿಯಲ್ಲೇ ಇಲ್ಲ. ಹತ್ತನೇ ಕ್ಲಾಸಿನ ನೋಂದಣಿಗೆ ಮುಂಚೆ ಸರಿ ಮಾಡಿಸುವುದು ಸುಲಭ. ಮಾರ್ಕ್ಸ್ ಕಾರ್ಡ್ ಪ್ರಿಂಟ್ ಆದ ಮೇಲೆ ಅದಕ್ಕಾಗಿ ಅಲೆದಾಡುವ ಅಪ್ಪ ಅಮ್ಮಂದಿರು ಕೂಲಿ ಬಿಟ್ಟು ಬಂದಿರುತ್ತಾರೆ ಅನ್ನುವುದನ್ನು ಮರೆಯಬಾರದು.

ಶಿಕ್ಷಣ ಇಲಾಖೆ ಪ್ರತಿ ಹೈಸ್ಕೂಲಿನಲ್ಲಿ ತಿಂಗಳಿಗೆ ಒಂದು ಪೀರಿಯಡ್ ಇದಕ್ಕೇ ಅಂತ ಮೀಸಲಿಡಲಿ. ಪೋಷಕರ ಸಭೆಯಲ್ಲಿ ಬರೀ ಅಂಕಪಟ್ಟಿ ಹಂಚುವ ಬದಲು ಈ ವಿಷಯ ಮಾತಾಡಲಿ. ಅದೇ ಶಾಲೆಯಲ್ಲಿ ಓದಿ ನರ್ಸಿಂಗ್, ಡಿಪ್ಲೊಮಾ, ಬಿಕಾಂ ಮಾಡುತ್ತಿರುವ ಹಳೆಯ ವಿದ್ಯಾರ್ಥಿಗಳನ್ನು ಕರೆಸಲಿ. ಮಕ್ಕಳು ನಮ್ಮ ಮಾತಿಗಿಂತ ಅವರ ಮಾತು ಜಾಸ್ತಿ ಕೇಳುತ್ತಾರೆ, ಮತ್ತು ಅವರನ್ನು ಕೇಳಲು ಹೆದರುವುದಿಲ್ಲ.

ತಮ್ಮ ಪತ್ರಿಕೆಗೂ ಒಂದು ವಿನಂತಿ. ಶಿಕ್ಷಣದ ಪುಟಗಳು ಹೆಚ್ಚಾಗಿ ರಿಸಲ್ಟ್ ಸಮಯದಲ್ಲೇ ತುಂಬಿಕೊಳ್ಳುತ್ತವೆ. ಜೂನ್‌ನಲ್ಲಿ ಶಾಲೆ ಶುರುವಾಗುವಾಗಲೇ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗಾಗಿ ವಾರಕ್ಕೊಂದು ಅಂಕಣ ಕೊಡಿ. ನಾವು ಅದನ್ನು ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸುತ್ತೇವೆ.

ಇಂತಿ,
ಒಬ್ಬ ಹೈಸ್ಕೂಲ್ ಶಿಕ್ಷಕಿ