ನಮ್ಮ ಮಾತು ಬರೆದುಕೊಳ್ಳದ ಸಭೆಗೆ ಅಹವಾಲು ಸಭೆ ಎಂಬ ಹೆಸರೇಕೆ?

ಮಾನ್ಯ ಸಂಪಾದಕರೇ,

ಕ್ವಾರಿ ವಿಸ್ತರಣೆಯ ಅಹವಾಲು ಸಭೆ ‘ಶಾಂತಿಯುತವಾಗಿ ಮುಗಿಯಿತು’ ಎಂದು ನಿಮ್ಮ ಪತ್ರಿಕೆಯಲ್ಲಿ ನಿನ್ನೆ ಓದಿದೆ. ಮೈಕ್ ನಮ್ಮ ಕೈಗೆ ಸರಿಯಾಗಿ ಬಂದಿದ್ದರೆ ತಾನೇ ಗಲಾಟೆ ಆಗುವುದು? ನಾನು ಶುರುವಿನಿಂದ ಕೊನೆಯವರೆಗೂ ಅಲ್ಲೇ ಇದ್ದೆ. ನಡೆದದ್ದನ್ನು ಬರೆಯುತ್ತೇನೆ, ದಯವಿಟ್ಟು ಪ್ರಕಟಿಸಿ.

ಮೊದಲಿಗೆ, ಸಭೆಯನ್ನು ನಮ್ಮೂರಲ್ಲಿ ಇಡಲೇ ಇಲ್ಲ. ಕಲ್ಲು ಒಡೆಯುವುದು ನಮ್ಮ ಗುಡ್ಡದಲ್ಲಿ, ಸಭೆ ಮಾತ್ರ ತಾಲ್ಲೂಕು ಕೇಂದ್ರದ ಕಲ್ಯಾಣ ಮಂಟಪದಲ್ಲಿ. ಯೋಜನೆಯ ಜಾಗದಲ್ಲೋ ಅದರ ಹತ್ತಿರದಲ್ಲೋ ನಡೆಸಬೇಕು ಎಂದು 2006ರ ಪರಿಸರ ಪರಿಣಾಮ ಅಧಿಸೂಚನೆಯೇ ಹೇಳುತ್ತದೆ. ನಮ್ಮೂರ ಶಾಲೆ ಮೈದಾನಕ್ಕೆ ಏನಾಗಿತ್ತು? ಬೆಳಗಿನ ಬಸ್ ತಪ್ಪಿದರೆ ಮಧ್ಯಾಹ್ನದವರೆಗೆ ಇನ್ನೊಂದಿಲ್ಲ. ವಯಸ್ಸಾದವರು ಬರಲಿಲ್ಲ. ಕೂಲಿ ಬಿಡಲಾಗದವರೂ ಬರಲಿಲ್ಲ.

ನಮ್ಮ ಮನೆಯಲ್ಲಿ ಆಗ ತಾನೇ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ (ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ) ಎದ್ದಿತ್ತು. ರೇಷ್ಮೆ ಬೆಳೆಯುವವರಿಗೆ ಗೊತ್ತು, ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆಗ ಬೇಕು. ಹೊತ್ತು ಹೊತ್ತಿಗೆ ಹಾಕುತ್ತಲೇ ಇರಬೇಕು. ಅಂಥ ದಿನ ಅತ್ತೆಯವರ ಮೇಲೆ ಎಲ್ಲ ಬಿಟ್ಟು ಹೋದೆ. ನಾನು ಹೇಳಬೇಕಾಗಿದ್ದೂ ಸೊಪ್ಪಿನ ವಿಷಯವೇ. ಕ್ರಷರ್ ಧೂಳು ಹಿಪ್ಪುನೇರಳೆ ತೋಟದ ಮೇಲೆ ಬಿಳಿಯಾಗಿ ಕೂತಿರುತ್ತದೆ. ಆ ಸೊಪ್ಪನ್ನು ಹುಳು ಸರಿಯಾಗಿ ತಿನ್ನುವುದಿಲ್ಲ. ತೊಳೆದು ಹಾಕಿ ಎಂದು ಒಬ್ಬ ಅಧಿಕಾರಿ ಹೇಳಿದರು. ಒದ್ದೆ ಸೊಪ್ಪು ಹಾಕಿದರೆ ಹುಳುವಿಗೆ ರೋಗ ಬರುತ್ತದೆ, ಅದನ್ನು ನಮ್ಮ ಮನೆಯ ಮಕ್ಕಳೂ ಹೇಳುತ್ತಾರೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವವರು ಎರಡು ಎಕರೆ ಸೊಪ್ಪು ಎಲ್ಲಿ ತೊಳೆಯುವುದು? ಗೂಡು ತೆಳುವಾಗಿ ಬಂದರೆ ಮಾರುಕಟ್ಟೆಯಲ್ಲಿ ರೇಟು ಬೀಳುವುದು ನಮಗೆ. ಧೂಳು ಎಬ್ಬಿಸಿದವರನ್ನು ಯಾರೂ ಕೇಳುವುದಿಲ್ಲ.

ಇದನ್ನೆಲ್ಲ ಹೇಳೋಣ ಎಂದು ಚೀಟಿ ಬರೆದು ಕೊಟ್ಟು ಕೂತೆ. ಮೊದಲು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಚಿತ್ರ, ಗ್ರಾಫು ಬಂದವು. ಕನ್ನಡದಲ್ಲಿ ಹೇಳಿ ಎಂದು ಹಿಂದಿನಿಂದ ಕೂಗಿದರೆ ‘ಕೊನೆಗೆ ಹೇಳುತ್ತೇವೆ’ ಎಂದರು. ಕೊನೆ ಬಂತು, ಕನ್ನಡ ಬರಲಿಲ್ಲ. ಪರಿಸರ ಪರಿಣಾಮದ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಇರಬೇಕು ಎಂಬುದೂ ಅದೇ ಅಧಿಸೂಚನೆಯಲ್ಲಿದೆ. ಸಭೆಗೆ 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಿಸಬೇಕು, ವರದಿಯನ್ನು ಪಂಚಾಯಿತಿಯಲ್ಲಿ ಇಡಬೇಕು. ನಮ್ಮ ಪಂಚಾಯಿತಿಯಲ್ಲಿ ಕೇಳಿದರೆ ಬೀರುವಿನ ಕೀಲಿ ಇದ್ದವರು ರಜೆಯಲ್ಲಿದ್ದಾರೆ ಎಂಬ ಉತ್ತರ ಸಿಕ್ಕಿತು.

ಆಮೇಲೆ ಮೈಕ್ ಟಿಪ್ಪರ್ ಮಾಲೀಕರಿಗೆ ಹೋಯಿತು. ಕ್ವಾರಿ ಬಂದರೆ ಊರು ಉದ್ಧಾರವಾಗುತ್ತದೆ ಎಂದು ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಅವರಿಗೂ ಮಾತಾಡುವ ಹಕ್ಕಿದೆ, ಬೇಡ ಎನ್ನುವುದಿಲ್ಲ. ಆದರೆ ಅವರಿಗೆ ಬೇಕಾದಷ್ಟು ಹೊತ್ತು, ನಮ್ಮ ಸರದಿ ಬಂದಾಗ ‘ಎರಡೇ ನಿಮಿಷ, ಬೇಗ ಮುಗಿಸಮ್ಮ’ ಅಂದರೆ ಹೇಗೆ? ನನ್ನ ಹಿಂದೆ ಕೂತಿದ್ದ ಅಜ್ಜಿಯ ಮನೆ ಗೋಡೆ ಸಿಡಿಮದ್ದಿನ ಏಟಿಗೆ ಸೂರಿನವರೆಗೆ ಬಿರುಕು ಬಿಟ್ಟಿದೆ. ಅವರ ಹೆಸರು ಕರೆಯುವ ಮೊದಲೇ ಊಟದ ಪ್ಯಾಕೆಟ್ ಹಂಚಲು ಶುರುಮಾಡಿದರು. ಸಿಡಿಮದ್ದು ಎಂದರೆ ಇವರಿಗೆ ಅಷ್ಟು ಸದರವೇ? 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ, ಅದರ ಮರು ತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಸ್ಫೋಟಕ ಸಿಡಿದು ಜನ ಸತ್ತರು. ಆಗ ಎಲ್ಲ ಕ್ವಾರಿಗಳ ತಪಾಸಣೆ ಎಂದು ಓಡಾಡಿದ ಜೀಪುಗಳು ಈಗ ಎಲ್ಲಿವೆ?

ಇನ್ನೂ ಸಿಟ್ಟು ಬಂದದ್ದು ಕೊನೆಯಲ್ಲಿ. ಅಲ್ಲಿ ಹೇಳಿದ್ದನ್ನೆಲ್ಲ ಬರೆದು, ಅದನ್ನು ಸಭೆಯಲ್ಲೇ ಸ್ಥಳೀಯ ಭಾಷೆಯಲ್ಲಿ ಜನರಿಗೆ ಓದಿ ಹೇಳಿ, ಅದೇ ದಿನ ಸಹಿ ಹಾಕಬೇಕು. ಇದು ನಿಯಮ. ಸಭೆಗೆ ಇಷ್ಟು ಜನ ಬರಲೇಬೇಕು ಎಂಬ ಲೆಕ್ಕವಿಲ್ಲ. ನಮಗೆ ಅಲ್ಲಿ ಬೇಡ ಎನ್ನುವ ಅಧಿಕಾರವೂ ಇಲ್ಲ. ನಮ್ಮ ಪಾಲಿಗೆ ಇರುವುದು ಆ ಕಾಗದ ಒಂದೇ. ಮುಂದೆ ಅನುಮತಿ ಕೊಡುವವರು ನಮ್ಮ ಮುಖ ನೋಡುವುದಿಲ್ಲ, ಅದನ್ನೇ ನೋಡುತ್ತಾರೆ. ಅದನ್ನು ಓದಿ ಎಂದು ಕೇಳಿದರೆ, ‘ಆಫೀಸಿಗೆ ಬಂದು ಅರ್ಜಿ ಕೊಡಿ’ ಎಂದು ಎದ್ದು ಹೋದರು. ಧೂಳಿನ ಬಗ್ಗೆ ಅದರಲ್ಲಿ ಒಂದು ಸಾಲಾದರೂ ಇದೆಯೋ ಇಲ್ಲವೋ, ನಮಗೆ ಗೊತ್ತಿಲ್ಲ.

ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಏನಾಯಿತು ಎಂಬುದನ್ನು ಈ ಅಧಿಕಾರಿಗಳು ಓದಿರಬಹುದು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬೆಟ್ಟದ ಊರುಗಳಲ್ಲೇ 12 ಗ್ರಾಮಸಭೆಗಳು ನಡೆದವು. ಅಲ್ಲಿನ ಆದಿವಾಸಿಗಳಾದ ಡೋಂಗ್ರಿಯಾ ಕೋಂಧ್ ಜನ ಬಾಕ್ಸೈಟ್ ಗಣಿ ಬೇಡ ಎಂದರು. 12ರಲ್ಲಿ 12 ಸಭೆಗಳೂ ಬೇಡ ಎಂದವು, ಗಣಿ ಯೋಜನೆ ನಿಂತಿತು. ಅಲ್ಲಿ ಅರಣ್ಯ ಹಕ್ಕು ಕಾಯ್ದೆಯ ಬಲ ಇತ್ತು, ನಮಗೆ ಅದಿಲ್ಲ, ಒಪ್ಪುತ್ತೇನೆ. ಆದರೆ ಜನರ ಊರಿಗೇ ಹೋಗಿ, ಜನರ ಮಾತನ್ನು ಕೊನೆಯವರೆಗೆ ಕೇಳಿ ಬರೆದುಕೊಳ್ಳುವುದು ಈ ದೇಶದಲ್ಲಿ ಆಗುತ್ತದೆ ಎಂದಾಯಿತಲ್ವಾ?

ಅದೇ ವೇದಿಕೆಯಲ್ಲಿ ‘ಸುಸ್ಥಿರ ಅಭಿವೃದ್ಧಿ’ ಎಂದು ಭಾಷಣವಾಯಿತು. ಪರಿಸರದ ವಿಷಯದಲ್ಲಿ ಜನರಿಗೆ ಮಾಹಿತಿ ಸಿಗಬೇಕು, ತೀರ್ಮಾನದಲ್ಲಿ ಅವರೂ ಇರಬೇಕು ಎಂದು 1992ರಲ್ಲೇ ರಿಯೊ ಸಮ್ಮೇಳನದಲ್ಲಿ ಎಲ್ಲ ದೇಶಗಳೂ ಒಪ್ಪಿದವು. ಶುದ್ಧ ಗಾಳಿ, ನೀರು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. ಅಷ್ಟು ದೊಡ್ಡ ಮಾತೆಲ್ಲ ನಮ್ಮ ತಾಲ್ಲೂಕಿಗೆ ಬರುವಷ್ಟರಲ್ಲಿ ಎರಡು ನಿಮಿಷದ ಮೈಕ್ ಆಗಿಬಿಡುತ್ತದೆ. ಮೇಲಿನವರೂ ಕಡಿಮೆಯಿಲ್ಲ. 2020ರಲ್ಲಿ ಇದೇ ಅಧಿಸೂಚನೆಯನ್ನು ಬದಲಿಸಲು ಕೇಂದ್ರ ಕರಡು ತಂದಾಗ ಜನರಿಗೆ ಕೊಡುವ 30 ದಿನವನ್ನು 20ಕ್ಕೆ ಇಳಿಸಲು ಹೊರಟಿದ್ದರು. ಆ ಕರಡನ್ನು ಎಲ್ಲ ಭಾಷೆಗಳಲ್ಲಿ ಕೊಡಿ ಎಂದು ದೆಹಲಿ ಹೈಕೋರ್ಟ್ ಹೇಳಿದರೆ, ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಕನ್ನಡದಲ್ಲಿ ಓದುವ ಜನ ಈ ಕಾನೂನಿನ ಬಗ್ಗೆ ಮಾತಾಡಬಾರದು ಎಂದೇ?

ನಮ್ಮ ತಾಲ್ಲೂಕಿನ ಅಧಿಕಾರಿಗಳು ಬೇರೆ ಕೆಲಸದಲ್ಲಾದರೂ ಸರಿ ಇದ್ದಾರೆಯೇ? ನಮ್ಮ ಮಾವ ತೀರಿಕೊಂಡ ಮೇಲೆ, ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಅರ್ಜಿ ಹಾಕಿದ್ದೇವೆ. ಗೊತ್ತುಮಾಡಿದ ದಿನದೊಳಗೆ ಕೆಲಸ ಮಾಡಿಕೊಡಬೇಕು ಎನ್ನುವ ಸಕಾಲ ಕಾಯ್ದೆ 2011ರಲ್ಲೇ ಬಂದಿದೆ, ಸ್ವೀಕೃತಿ ಚೀಟಿಯೂ ನಮ್ಮ ಹತ್ತಿರ ಇದೆ, ಖಾತೆ ಮಾತ್ರ ಆಗಿಲ್ಲ. ‘ಸರ್ವೆಯರ್ ಇಲ್ಲ, ಮುಂದಿನ ವಾರ ಬನ್ನಿ’ ಎನ್ನುತ್ತಾರೆ. ಗಣಿ ಬಾಧಿತ ಊರುಗಳಿಗೆಂದೇ ಗಣಿಗಾರಿಕೆಯ ಬಾಧೆ ಇರುವ ಜಿಲ್ಲೆಗಳಲ್ಲಿ ಖನಿಜ ಪ್ರತಿಷ್ಠಾನ ನಿಧಿ ಇರಬೇಕು ಎಂದು 2015ರಿಂದ ಕಾನೂನು ಇದೆ. ಟಿಪ್ಪರ್ ಓಡಾಡಿ ಗುಂಡಿ ಬಿದ್ದ ನಮ್ಮ ರಸ್ತೆಗೆ ಅದರಿಂದ ಒಂದು ಬುಟ್ಟಿ ಜಲ್ಲಿಯೂ ಬಿದ್ದಿಲ್ಲ. ನಮ್ಮ ಗುಡ್ಡದ ಜಲ್ಲಿಯೇ ಊರೂರಿಗೆ ಹೋಗುತ್ತಿದೆ!

ಶಾಸಕರು ಸಭೆಗೆ ಬಂದು, ಹಾರ ಹಾಕಿಸಿಕೊಂಡು, ಬೇರೆ ಕಾರ್ಯಕ್ರಮವಿದೆ ಎಂದು ಹೊರಟರು. ಚುನಾವಣೆ ಹತ್ತಿರ ಬಂದಾಗ ಹುಳು ಮನೆಯ ಒಳಗೇ ಬಂದು ಕೂತು ಕಾಫಿ ಕುಡಿದವರು ಇವರು.

ಆ ಸಭೆಯನ್ನು ರದ್ದು ಮಾಡಿ ನಮ್ಮೂರಿನ ಶಾಲೆ ಮೈದಾನದಲ್ಲಿ, ಕನ್ನಡದಲ್ಲಿ ಮತ್ತೆ ನಡೆಸಬೇಕು. ಇಲ್ಲವೇ ಅಹವಾಲು ಸಭೆ ಎಂಬ ಹೆಸರನ್ನಾದರೂ ಕಿತ್ತುಹಾಕಿ, ಅನುಮತಿ ಮೊದಲೇ ಕೊಟ್ಟಿದ್ದೇವೆ ಎಂದು ಹೇಳಿಬಿಡಲಿ, ಸುಮ್ನೆ ಬಸ್ ಚಾರ್ಜ್ ಆದರೂ ಉಳಿಯುತ್ತದೆ. ಪೌತಿ ಖಾತೆಗಳನ್ನೂ ಬೇಗ ಮಾಡಿಕೊಡಲಿ. ಸಂಬಂಧಪಟ್ಟವರು ಎಚ್ಚೆತ್ತುಕೊಳ್ಳಬೇಕು. ಜನ ಹೇಳುವುದನ್ನು ಕೂತು ಕೇಳಲೂ ಆಗದವರು ಸಂಬಳ ಯಾವ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ?

– ಕ್ವಾರಿ ಪಕ್ಕದ ಊರಿನ ಒಬ್ಬ ರೇಷ್ಮೆ ಬೆಳೆಗಾರ್ತಿ