ನಕುರುವಿನ ಸೊಪ್ಪು ಮಾರುವ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳೋದನ್ನೇ ಮರೆತುಬಿಟ್ಟೆ. ನಿಮಗೆ ಕನ್ನಡ ಓದಲು ಬರಲ್ಲ, ಗೊತ್ತು. ಆದರೂ ಬರೆಯದೆ ಇರಲಾಗಲಿಲ್ಲ.

ನಾವು ಬೆಳಗಾವಿಯವರು. ನನ್ನ ಮಗ ಕೀನ್ಯಾದ ನಕುರುವಿನಲ್ಲಿ ಎರಡು ವರ್ಷ ಚರ್ಚಿನ ಮಿಷನ್ ಸೇವೆ ಮಾಡಿ ಬಂದವನು. ಅವನಿದ್ದ ಓಣಿ ಒಮ್ಮೆ ನೋಡಲೇಬೇಕು ಅಂತ ಹಟ ಹಿಡಿದೆ. ಅವನಿಗೆ ರಜೆ ಸಿಗಲಿಲ್ಲ, ನಾನೂ ನಮ್ಮ ಯಜಮಾನರೂ ಹೊರಟೆವು. ನೈರೋಬಿಯಿಂದ ಮಟಾಟು ಅನ್ನೋ ಬಾಡಿಗೆ ವ್ಯಾನು ಹತ್ತಿದೆವು. ನಮ್ಮ ಕಡೆಯ ಟ್ರ್ಯಾಕ್ಸ್ ಇದ್ದಂಗೆ, ತುಂಬಿದ ಮೇಲೇ ಹೊರಡೋದು. ಇಳಿದದ್ದು ಬೇರೆಲ್ಲೋ. ಫೋನೂ ಸತ್ತಿತ್ತು.

ನೀವು ಸುಕುಮಾ ವಿಕಿ ಸೊಪ್ಪು ಹೆಚ್ಚುತ್ತಾ ಕೂತಿದ್ದಿರಿ. ಮಗನ ಫೋಟೊ ತೋರಿಸಿದೆ. ಚಾಕು ಕೆಳಗಿಟ್ಟು ಜೋರಾಗಿ ನಕ್ಕಿರಿ. ಆಮೇಲೆ ‘ಮಾಮಾ’ ಅಂದು, ಅವನ ಹೆಸರು ಸೇರಿಸಿ ನನ್ನನ್ನು ಕರೆದಿರಿ. ನಮ್ಮ ಓಣಿಯಲ್ಲೂ ಇಂಥವನ ಅವ್ವ ಅಂತಲೇ ಕರೆಯೋದು ಅಲ್ವಾ! ಅಷ್ಟು ದೂರ ಹೋಗಿ ಅದನ್ನು ಕೇಳಿ ಕಣ್ಣು ತುಂಬಿತು.

ಅಂಗಡಿ ಪಕ್ಕದವರಿಗೆ ಒಪ್ಪಿಸಿ ಅವನಿದ್ದ ಮನೆವರೆಗೂ ನಡೆದು ಬಂದಿರಿ. ಉಗಾಲಿ ಉಣಿಸಿದಿರಿ. ಥೇಟ್ ನಮ್ಮ ಸಂಗಟಿ, ಬಿಳಿ ಗೋವಿನಜೋಳದ್ದು, ಉಪ್ಪಿಲ್ಲ ಅಷ್ಟೇ. ಸುಕುಮಾ ವಿಕಿ ಅಂದರೆ ‘ವಾರ ದೂಡು’ ಅಂತ ಅರ್ಥವಂತೆ. ಮನೆಯಲ್ಲಿ ಸೊಪ್ಪು ಮುಟ್ಟದ ನನ್ನ ಮಗ ನಿಮ್ಮಲ್ಲಿ ಅದನ್ನೇ ತಿಂದು ವಾರ ದೂಡಿದ್ದನಂತೆ! ಕಳ್ಳ, ಒಂದು ದಿನವೂ ಹೇಳಿರಲಿಲ್ಲ.

ದುಡ್ಡು ಕೊಡಲು ಹೋದರೆ ಕೈ ತಳ್ಳಿದಿರಿ. ಗೋಕಾಕ ಕರದಂಟು ಮಾತ್ರ ತಗೊಂಡಿರಿ. ಅಂಟು ಹಲ್ಲಿಗೆ ಹತ್ತಿಕೊಂಡಾಗ ನಿಮ್ಮ ಮುಖ ನೋಡಬೇಕಿತ್ತು. ಈಗಲೂ ನೆನೆಸಿಕೊಂಡು ನಗುತ್ತೇವೆ.

ಅಸಾಂಟೆ ಸಾನಾ, ಅಂದರೆ ನಿಮ್ಮ ಮಾತಿನಲ್ಲಿ ತುಂಬಾ ಧನ್ಯವಾದ, ಅಕ್ಕಾ.